ಇನಿಷಿಯಲ್ಲಿನಲ್ಲಿ ಅಡಗಿರುವ ಹಟ್ಟಿ



ಊಟಿಗೆ ಹೋಗಿ ಬರುವ ನಮಗೆಲ್ಲ ‘ಬ್ರೀಕ್ಸ್ ಶಾಲೆ’ ಎಂಬ ಹೆಸರು ಗೊತ್ತು. ಆದರೆ ಬ್ರೀಕ್ಸ್ ಎಂದರೆ ಯಾರು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್ ಎಂಬುವರು ನೀಲಗಿರಿಯ ಮೊದಲ ಕಮಿಷನರ್. 1830ರಲ್ಲಿ ಇಂಗ್ಲೆಂಡಿನ ವಾಯವ್ಯ ಮೂಲೆಯ ವೆಸ್ಟ್‌ಮರ್ಲೆಂಡ್ ಸೀಮೆಯ ವಾರ್ಕಪ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಮದ್ರಾಸ್ ಸರ್ಕಾರದ ಸೇವೆಗೆ ಸೇರಿ, 1872ರಲ್ಲಿ ಊಟಿಯಲ್ಲೇ ತೀರಿಕೊಂಡರು. ಇಲ್ಲಿನ ಬುಡಕಟ್ಟುಗಳನ್ನೂ ಪುರಾತನ ಕಲ್ಲುಗೋರಿಗಳನ್ನೂ ಕುರಿತು ಅವರು ಬರೆದಿಟ್ಟಿದ್ದ ಪುಸ್ತಕ ಅವರ ನಿಧನದ ನಂತರ 1873ರಲ್ಲಿ ಪ್ರಕಟವಾಯಿತು. ಅವರ ನೆನಪಿಗಾಗಿ ಕಟ್ಟಿದ್ದೇ ಆ ಶಾಲೆ.

ಬ್ರೀಕ್ಸ್ ಎಂಬ ಮನೆತನದ ಹೆಸರು ಬ್ರಿಟನ್ನಿನಲ್ಲೇ ಬಹಳ ಅಪರೂಪ. ನಮ್ಮ ಊಟಿಯಲ್ಲಿ ಮಕ್ಕಳ ಬಾಯಲ್ಲೂ ಓಡಾಡುವ ಹೆಸರು ಅದರ ತವರು ದೇಶದಲ್ಲಿ ಹುಡುಕಿದರೂ ಸಿಗುವುದು ಕಷ್ಟ! ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ‘ಬ್ರೀಕ್ಸ್’ ಎಂದರೆ ಷರಾಯಿ. ಹಾಗೆಂದು ಅದು ದರ್ಜಿಗಳ ಮನೆತನ ಎಂದು ತೀರ್ಮಾನಿಸಿಬಿಟ್ಟರೆ ತಪ್ಪಾದೀತು. ಆ ಸೀಮೆಗೆ ಹಿಂದೆ ನಾರ್ವೆಯ ಕಡೆಯಿಂದ ಜನ ಬಂದು ನೆಲೆಸಿದ್ದರು. ಅವರ ಭಾಷೆಯಲ್ಲಿ ‘ಬ್ರೆಕ್ಕ’ ಎಂದರೆ ಗುಡ್ಡದ ಇಳಿಜಾರು. ಆ ಪದದಿಂದ ಹುಟ್ಟಿದ ಊರುಕೇರಿಗಳ ಹೆಸರುಗಳು ಉತ್ತರ ಇಂಗ್ಲೆಂಡಿನಲ್ಲಿ ಇವತ್ತಿಗೂ ಇವೆ. ಆದ್ದರಿಂದ ಹೆಸರಿನ ಮೂಲವನ್ನು ಹುಡುಕುವವರು ಕಿವಿಗೆ ಕೇಳಿಸುವ ಹೋಲಿಕೆಯನ್ನು ನಂಬುವ ಮೊದಲು ಆ ಹೆಸರು ಬಾಳಿದ ಊರನ್ನು ನೋಡಬೇಕು.

ಹೆಸರಿಗೂ ಊರಿಗೂ ಇರುವ ನಂಟು

ಇಂಗ್ಲೆಂಡಿನಲ್ಲಿ ಮನೆತನದ ಹೆಸರುಗಳು ನೆಲೆಗೊಂಡದ್ದು ಹೆಚ್ಚುಕಡಿಮೆ 12ರಿಂದ 14ನೇ ಶತಮಾನದೊಳಗೆ. ಅವುಗಳ ಮೂಲ ನಾಲ್ಕೇ ಬಗೆ: ತಂದೆಯ ಹೆಸರು, ಕಸುಬು ಅಥವಾ ಅಧಿಕಾರ, ಇದ್ದ ಸ್ಥಳ, ಮತ್ತು ಜನ ಇಟ್ಟ ಅಡ್ಡಹೆಸರು. 1890ರಲ್ಲಿ ಹೆನ್ರಿ ಬ್ರೌಮ್ ಗಪ್ಪಿ ಎಂಬ ವೈದ್ಯರು ಬ್ರಿಟನ್ನಿನಲ್ಲಿ ಯಾವ ಹೆಸರು ಯಾವ ಸೀಮೆಯದು ಎಂದು ಪಟ್ಟಿ ಮಾಡಿದರು. ಅದಕ್ಕಾಗಿ ಅವರು ಪೇಟೆಯವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ರೈತರ ಹೆಸರುಗಳನ್ನು ಮಾತ್ರ ಎಣಿಸಿದರು. ಏಕೆಂದರೆ ರೈತ ತನ್ನ ಹೊಲ ಬಿಟ್ಟು ಸುಲಭವಾಗಿ ಕದಲುವವನಲ್ಲ, ಅವನ ಜೊತೆ ಅವನ ಹೆಸರೂ ಅಲ್ಲೇ ಉಳಿಯುತ್ತದೆ.

2000ನೇ ಇಸವಿಯಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿ ಬ್ರಯನ್ ಸೈಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ‘ಸೈಕ್ಸ್’ ಎಂಬ ತಮ್ಮದೇ ಹೆಸರಿನ 48 ಗಂಡಸರ ಡಿಎನ್‌ಎ ಪರೀಕ್ಷಿಸಿದರು. ಯಾರ್ಕ್‌ಷೈರ್ ಕಡೆಯ ಮಾತಿನಲ್ಲಿ ‘ಸೈಕ್’ ಎಂದರೆ ಸಣ್ಣ ತೊರೆ. ಅಂಥ ತೊರೆಗಳು ಎಷ್ಟೋ ಇರುವುದರಿಂದ ಈ ಹೆಸರು ಹಲವು ಕಡೆ ಬೇರೆಬೇರೆಯಾಗಿ ಹುಟ್ಟಿರಬೇಕು ಎಂದು ಎಲ್ಲರೂ ನಂಬಿದ್ದರು. ಆದರೆ ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು ಅರ್ಧದಷ್ಟು ಜನ ಒಬ್ಬನೇ ಪೂರ್ವಜನ ವಂಶದವರೆಂದು ಕಂಡುಬಂತು.

ಎಲ್ಲ ಹೆಸರುಗಳೂ ಹೀಗೆ ರಕ್ತಸಂಬಂಧ ತೋರಿಸುತ್ತವೆ ಎಂದಲ್ಲ. ನಮ್ಮ ಮಂಗಳೂರು ಕಡೆಯ ಕಥೋಲಿಕರನ್ನೇ ನೋಡಿ. ಪಿಂಟೊ, ಲೋಬೊ, ಡಿಸೋಜ ಎಂಬ ಹೆಸರುಗಳು ಲಿಸ್ಬನ್ನಿನಲ್ಲೂ ಬ್ರೆಜಿಲಿನಲ್ಲೂ ಇವೆ. ಗೋವೆಯಲ್ಲಿ ಅವರ ಪೂರ್ವಜರಿಗೆ ದೀಕ್ಷಾಸ್ನಾನ ಕೊಟ್ಟ ಗುರುಗಳಿಂದ ಇಲ್ಲವೇ ಜ್ಞಾನತಂದೆಯರಿಂದ ಬಂದ ಹೆಸರುಗಳವು. ಹಳೆಯ ಪ್ರಭು, ಕಾಮತ್, ಶೆಣೈ ಎಂಬ ಹೆಸರುಗಳನ್ನು ಇಂದಿಗೂ ನೆನಪಿಟ್ಟುಕೊಂಡಿರುವ ಮನೆಗಳಿವೆ. ಮೈಸೂರು ಸೀಮೆಯ ಕನ್ನಡ ಕಥೋಲಿಕರಿಗಾದರೋ ಮನೆತನದ ಹೆಸರೆಂಬುದೇ ಇಲ್ಲ. ಶೌರಿಯವರ ಹೆಸರಿನಿಂದ ಚೌರಪ್ಪ, ಇಗ್ನಾಸಿಯವರ ಹೆಸರಿನಿಂದ ಇನ್ನಾಸಪ್ಪ, ಪೇತ್ರರ ಹೆಸರಿನಿಂದ ರಾಯಪ್ಪ. ತಂದೆಯ ಹೆಸರು ಮುಂದೊಂದು ಅಕ್ಷರವಾಗಿ ನಿಂತರೆ ಅಲ್ಲಿಗೆ ಮುಗಿಯಿತು.

ಗಾವುಂಡನಿಂದ ಗೌಡರ್‌ವರೆಗೆ

ಈಗ ನಮ್ಮ ಬೆಟ್ಟಕ್ಕೆ ಬರೋಣ. ನಮ್ಮ ನೀಲಗಿರಿಯಲ್ಲಿ ‘ಗೌಡರ್’ ಎಂಬ ಹೆಸರಿದೆ. ಕರ್ನಾಟಕದವರು ಇದನ್ನು ಕೇಳಿದರೆ “ನಮ್ಮ ಗೌಡರೇ ಅಲ್ಲವೇ” ಎನ್ನುತ್ತಾರೆ. ಕೊಯಮತ್ತೂರಿನವರು ಕೇಳಿದರೆ “ನಮ್ಮ ಗೌಂಡರೇ ಇರಬೇಕು” ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ.

ಹಳೆಗನ್ನಡ ಶಾಸನಗಳಲ್ಲಿ ಊರಿನ ಮುಖ್ಯಸ್ಥನಿಗೆ ಗಾಮುಂಡ, ಗಾವುಂಡ ಎಂಬ ಹೆಸರಿದೆ. ಒಂದು ನಾಡಿಗೇ ಮುಖ್ಯಸ್ಥನಾದವನು ನಾಳ್ಗಾವುಂಡ. ಹೆಂಗಸರೂ ಈ ಅಧಿಕಾರ ನಡೆಸಿದ್ದುಂಟು. 10ನೇ ಶತಮಾನದ ಮೊದಲ ಭಾಗದಲ್ಲಿ, ಈಗಿನ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಕಡೆ, ಗಂಡ ಸತ್ತ ಮೇಲೆ ಜಕ್ಕಿಯಬ್ಬೆ ಎಂಬಾಕೆ ನಾಗರಖಂಡ ಎಪ್ಪತ್ತರ ಆಡಳಿತವನ್ನು ತಾನೇ ವಹಿಸಿಕೊಂಡು ನಡೆಸಿದಳೆಂದು ಶಾಸನ ಹೇಳುತ್ತದೆ. ಕಾಲ ಕಳೆದಂತೆ ಗಾವುಂಡ ಗವುಂಡನಾಗಿ, ಗೌಂಡನಾಗಿ, ಕೊನೆಗೆ ನಡುವಿನ ಅನುಸ್ವಾರವೂ ಬಿದ್ದು ಗೌಡನಾದ. ಕರ್ನಾಟಕದಲ್ಲಿ ಬಿದ್ದುಹೋದ ಆ ಅನುಸ್ವಾರ ಕೊಂಗುನಾಡಿನ ‘ಗೌಂಡರ್’ ಎಂಬ ಮಾತಿನಲ್ಲಿ ಇನ್ನೂ ಉಳಿದಿದೆ. ನಮ್ಮ ‘ಗೌಡರ್’ ಇವೆರಡರ ನಡುವೆ ನಿಂತಿದೆ. ಅದರ ಒಡಲು ಕನ್ನಡದ್ದು, ತುದಿಯ ಗೌರವದ ‘ರ್’ ತಮಿಳಿನ ಉಚ್ಚಾರಣೆಯದು.

ಈ ಹೆಸರು ಹರಡಿರುವ ದಾರಿಯನ್ನು ನೋಡಿ. ಹಳೇ ಮೈಸೂರಿನಲ್ಲಿ ಗೌಡ, ಉತ್ತರ ಕರ್ನಾಟಕದಲ್ಲಿ ಗೌಡ ಮತ್ತು ಗೌಡರ, ಸುಳ್ಯ ಮತ್ತು ಕೊಡಗಿನಲ್ಲಿ ಅರೆಭಾಷೆ ಮಾತಾಡುವ ಗೌಡರು, ಉತ್ತರ ಕನ್ನಡದಲ್ಲಿ ಹಾಲಕ್ಕಿ ಒಕ್ಕಲಿಗರು. ಗಿಡಗಳನ್ನು ಸಾಕಿ ಬೆಳೆಸಿ ಪದ್ಮಶ್ರೀ ಪಡೆದ ತುಳಸಿ ಗೌಡ ಈ ಹಾಲಕ್ಕಿಯವರು. ಘಟ್ಟ ದಾಟಿ ವಯನಾಡಿಗೆ ಬಂದರೆ ಕರ್ನಾಟಕದಿಂದ ಹೋಗಿ ನೆಲೆಸಿದ ಜೈನರಲ್ಲಿ ಮತ್ತೆ ‘ಗೌಡರ್’ ಸಿಗುತ್ತದೆ. ಕಲ್ಪೆಟ್ಟದ ಪದ್ಮಪ್ರಭ ಗೌಡರ್ ಅವರ ಹೆಸರಿನಲ್ಲಿ ಕೇರಳದಲ್ಲಿ ಒಂದು ಸಾಹಿತ್ಯ ಪ್ರಶಸ್ತಿಯೇ ಇದೆ. ಅವರ ಮಗ, ‘ಮಾತೃಭೂಮಿ’ ಪತ್ರಿಕೆಯನ್ನು ಬಹುಕಾಲ ನಡೆಸಿ 2020ರಲ್ಲಿ ತೀರಿಕೊಂಡ ಎಂ. ಪಿ. ವೀರೇಂದ್ರಕುಮಾರ್, ಗೌಡರ್ ಎಂಬುದನ್ನು ತಮ್ಮ ಹೆಸರಿಗೆ ಸೇರಿಸಿಕೊಳ್ಳಲಿಲ್ಲ. ಅಲ್ಲಿಂದ ಪೂರ್ವಕ್ಕೆ ಬೆಟ್ಟ ಹತ್ತಿದರೆ ನಮ್ಮ ಬಡಗರ ಹಟ್ಟಿಗಳು.

ಒಕ್ಕಲಿಗರು, ಹಾಲಕ್ಕಿಯವರು, ಜೈನರು, ಬಡಗರು ಎಲ್ಲರೂ ಒಂದೇ ರಕ್ತದವರೇ? ಅಲ್ಲ. ಗೌಡ ಎಂಬುದು ಅಧಿಕಾರದ ಹೆಸರು. ಅಧಿಕಾರ ಇದ್ದಲ್ಲೆಲ್ಲ ಹೆಸರೂ ಹುಟ್ಟಿಕೊಂಡಿತು. ಇಂಗ್ಲಿಷರಲ್ಲಿ ಜಮೀನು ನೋಡಿಕೊಳ್ಳುವವನ ಕೆಲಸದಿಂದ ‘ರೀವ್’ ಎಂಬ ಹೆಸರೂ, ಕಮ್ಮಾರನ ಕಸುಬಿನಿಂದ ‘ಸ್ಮಿತ್’ ಎಂಬ ಹೆಸರೂ ಊರೂರಿನಲ್ಲಿ ಹುಟ್ಟಿದ್ದು ಹೀಗೆಯೇ. ಆದ್ದರಿಂದ ಗೌಡರ್ ಎಂಬ ಒಂದೇ ಮಾತು ನಾವು ಯಾರ ಮಕ್ಕಳು ಎಂದು ಹೇಳಲಾರದು. ನಮ್ಮಲ್ಲಿ ಹೇಗೆ ಊರಾಳ್ವಿಕೆ ನಡೆಯುತ್ತಿತ್ತು, ಆ ಪದ್ಧತಿಯನ್ನು ಯಾವ ಭಾಷೆಯವರಿಂದ ಪಡೆದೆವು ಎಂಬುದನ್ನು ಮಾತ್ರ ಹೇಳುತ್ತದೆ. ನಾಕುಬೆಟ್ಟದ ಬಡಗರಲ್ಲಿ ಪ್ರತಿ ಹಟ್ಟಿಗೂ ಒಬ್ಬ ಗೌಡ, ಎಲ್ಲಕ್ಕೂ ಮೇಲೆ ತೂನೇರಿಯಲ್ಲಿ ಒಬ್ಬ ಗೌಡ ಎಂಬ ಏರ್ಪಾಟು ಇದ್ದದ್ದು ಹಿರಿಯರಿಗೆಲ್ಲ ತಿಳಿದ ವಿಷಯ.

‘ಬಡಗ’ ಎಂಬ ಹೆಸರೂ ಹೀಗೆಯೇ ಒಂದು ದಾರಿಯ ಗುರುತು. ಬಡಗು ಎಂದರೆ ಉತ್ತರ, ಯಕ್ಷಗಾನದ ಬಡಗುತಿಟ್ಟಿನಲ್ಲಿರುವುದೂ ಅದೇ ಪದ. ಇಂಗ್ಲಿಷರಲ್ಲಿ ‘ನಾರಿಸ್’ ಎಂಬ ಮನೆತನದ ಹೆಸರಿಗೂ ಉತ್ತರದಿಂದ ಬಂದವನು ಎಂದೇ ಅರ್ಥ. 1565ರಲ್ಲಿ ವಿಜಯನಗರ ಬಿದ್ದ ಮೇಲಿನ ಗಲಿಬಿಲಿಯ ದಿನಗಳಲ್ಲಿ ಮೈಸೂರು ಸೀಮೆಯಿಂದ ಗುಂಪುಗುಂಪಾಗಿ ಬಂದವರು ಬಡಗರು ಎಂಬುದು ಅವರ ಚರಿತ್ರೆ ಬರೆದ ಪಾಲ್ ಹಾಕಿಂಗ್ಸ್ ಅವರ ಅಭಿಪ್ರಾಯ. ನಾವು ಮೊದಲಿನಿಂದಲೂ ಇಲ್ಲಿಯವರೇ ಎಂದು ವಾದಿಸುವವರೂ ಬಡಗರಲ್ಲಿದ್ದಾರೆ. 1603ರಲ್ಲಿ ಯೇಸುಸಭೆಯ ಫಾದರ್ ಫೆನೀಚಿಯೊ ಕಲ್ಲಿಕೋಟೆಯ ಕಡೆಯಿಂದ ಈ ಬೆಟ್ಟ ಹತ್ತಿದಾಗ ಬಡಗರು ಇಲ್ಲಿದ್ದರು ಎಂಬುದಂತೂ ನಿಶ್ಚಯ. ಬೆಟ್ಟದ ಮೇಲೆ ಸಂತ ತೋಮಾಸರ ಕಾಲದ ಕ್ರೈಸ್ತರ ವಂಶದವರು ಇದ್ದಾರೆಂಬ ಸುದ್ದಿ ಕೇಳಿ ಅವರು ಬಂದಿದ್ದರು. ಅಂಥವರು ಸಿಗಲಿಲ್ಲ, ಬಡಗರೂ ತೋಡರೂ ಸಿಕ್ಕರು. ಅವರು ಬರೆದ ಪತ್ರದಲ್ಲಿ ಬಡಗ ಎಂಬ ಹೆಸರು ದಾಖಲಾಯಿತು.

ಒಂದು ಅಕ್ಷರ ಹೇಳುವ ವಿಷಯ

ಹಾಗಾದರೆ ಬ್ರೀಕ್ಸ್, ಸೈಕ್ಸ್ ಎಂಬಂಥ, ಒಂದು ನೆಲೆಯನ್ನು ತೋರಿಸುವ ಹೆಸರು ನಮ್ಮಲ್ಲಿ ಇಲ್ಲವೇ? ಇದೆ. ಅದು ಇನಿಷಿಯಲ್ಲಿನಲ್ಲಿ ಅಡಗಿದೆ.

ಬಡಗರ ಮೊದಲ ಪದವೀಧರರೂ ಮದ್ರಾಸ್ ಶಾಸನಸಭೆಯಲ್ಲಿ ನೀಲಗಿರಿಯ ಪ್ರತಿನಿಧಿಯೂ ಆಗಿದ್ದ ಎಚ್. ಬಿ. ಆರಿ ಗೌಡರ್ ಅವರ ಹೆಸರನ್ನೇ ಬಿಡಿಸಿ ನೋಡಿ. ‘ಎಚ್’ ಎಂದರೆ ಹುಬ್ಬತಲೆ, ಅವರ ಹಟ್ಟಿ. ‘ಬಿ’ ಎಂದರೆ ಬೆಳ್ಳಿ, ಅವರ ತಂದೆ ರಾವ್ ಬಹದ್ದೂರ್ ಬೆಳ್ಳಿ ಗೌಡರ್. ಆರಿ ಎಂಬುದು ಸ್ವಂತ ಹೆಸರು. ಊರು, ತಂದೆ, ತಾನು, ಸ್ಥಾನ ಎಲ್ಲವೂ ಒಂದೇ ಸಾಲಿನಲ್ಲಿವೆ. ಇಂಗ್ಲೆಂಡಿನವರ ಹೆಸರು ಇಷ್ಟೊಂದು ವಿಷಯ ಹೇಳುವುದಿಲ್ಲ.

ಹಟ್ಟಿಯ ಹೆಸರಿಗೆ ಒಂದು ಕೆಲಸವೂ ಇತ್ತು. ಒಂದೇ ಕುಲದ ಹಟ್ಟಿಯವರು ಅಣ್ಣತಮ್ಮಂದಿರು, ಅವರೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ. ಆದ್ದರಿಂದ ಹಟ್ಟಿ ಯಾವುದೆಂದು ತಿಳಿಯದೆ ಮದುವೆಯ ಮಾತು ಮುಂದುವರಿಯುತ್ತಿರಲಿಲ್ಲ. ನಮ್ಮ ಧರ್ಮಸಭೆ ಮದುವೆಗೆ ಮೊದಲು ರಕ್ತಸಂಬಂಧವನ್ನು ವಿಚಾರಿಸುವುದೂ ಇಂಥ ಎಚ್ಚರಿಕೆಯೇ.

ಈಗ ಈ ಹೆಸರು ಎರಡೂ ಕಡೆಯಿಂದ ಸವೆಯುತ್ತಿದೆ. ಹಿಂದಿನ ಗೌಡರ್ ಬಿದ್ದುಹೋಗುತ್ತಿದೆ. 1929ರಲ್ಲಿ ಚೆಂಗಲ್ಪಟ್ಟಿನಲ್ಲಿ ನಡೆದ ಸ್ವಾಭಿಮಾನ ಸಮ್ಮೇಳನ ಜಾತಿಸೂಚಕ ಹೆಸರುಗಳನ್ನು ಬಿಡಬೇಕೆಂದು ಕರೆ ಕೊಟ್ಟ ಮೇಲೆ ತಮಿಳುನಾಡಿನಲ್ಲಿ ಅಂಥ ಹೆಸರುಗಳು ಕ್ರಮೇಣ ಮರೆಯಾದವು. ಇದು ಒಳ್ಳೆಯದೇ. ಹೆಸರು ಮೇಲುಕೀಳಿನ ಅಳತೆಗೋಲಾದರೆ ಅದನ್ನು ಬಿಡುವುದೇ ಲೇಸು. ಗೌಡರ್ ಎಂಬುದು ಗಂಡಸರ ಹೆಸರಿಗೆ ಮಾತ್ರ ಸೇರುತ್ತಿತ್ತು ಎಂಬುದನ್ನೂ ಮರೆಯಬಾರದು. ಬಡಗ ಹೆಣ್ಣುಮಕ್ಕಳಲ್ಲಿ ಮೊದಲ ಪದವೀಧರೆಯಾಗಿ, 1962ರಲ್ಲಿ ನೀಲಗಿರಿಯಿಂದ ಲೋಕಸಭೆಗೆ ಆಯ್ಕೆಯಾದವರು ಅಕ್ಕಮ್ಮ ದೇವಿ ಎಂದೇ ಹೆಸರಾದರು. ಗೌಡರ್ ಇಲ್ಲದೆಯೂ ಅವರ ಹೆಸರು ಉಳಿಯಿತು.

ನನಗೆ ಚಿಂತೆಯಾಗಿರುವುದು ಮುಂದಿನ ಅಕ್ಷರದ ಬಗ್ಗೆ. ಮಕ್ಕಳು ತಂದೆಯ ಹೆಸರಿನ ಅಕ್ಷರವನ್ನು ಮಾತ್ರ ಇಟ್ಟುಕೊಂಡು ಹಟ್ಟಿಯ ಅಕ್ಷರವನ್ನು ಬಿಡುತ್ತಿದ್ದಾರೆ. ಇಟ್ಟುಕೊಂಡವರ ಹೆಸರಿನಲ್ಲೂ ಬರೀ ‘ಟಿ’ ಇದ್ದರೆ ಅದು ತುಮ್ಮನಟ್ಟಿಯೋ, ತೂನೇರಿಯೋ, ತಂಗಾಡೋ, ಇಲ್ಲ ತಂದೆ ತೋಮಸ್ ಅವರ ಹೆಸರೋ ಎಂದು ತಿಳಿಯುವುದು ಹೇಗೆ? ತಂದೆ ತಾಯಿ ಬದುಕಿರುವತನಕ ಕೇಳಿ ತಿಳಿದುಕೊಳ್ಳಬಹುದು. ಮೊಮ್ಮಕ್ಕಳ ಕಾಲಕ್ಕೆ ಅದು ಬರಿಯ ಅಕ್ಷರವಾಗಿಬಿಡುತ್ತದೆ. ಬೆಂಗಳೂರಿನಲ್ಲೋ ಕೆನಡಾದಲ್ಲೋ ಹುಟ್ಟಿದ ಮಗುವಿಗೆ ತನ್ನ ಅಜ್ಜನ ಹಟ್ಟಿ ಯಾವುದೆಂದು ಹೇಳುವವರು ಯಾರು?

ಇದು ಬರೀ ಭಾವನೆಯ ಮಾತಲ್ಲ. 2022ರ ನವೆಂಬರ್ 21ರಿಂದ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರಿಗೆ ಸಂಯುಕ್ತ ಅರಬ್ ಎಮಿರೇಟ್ಸ್ ಪ್ರವಾಸಿ ವೀಸಾ ಕೊಡುವುದಿಲ್ಲ ಎಂದಾಗ ನಮ್ಮ ದೇಶದ ಎಷ್ಟೋ ಮಂದಿ ಪೇಚಿಗೆ ಸಿಕ್ಕಿದರು. ಪಾಸ್‌ಪೋರ್ಟಿನ ಬೇರೆ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೂ ಸಾಕೆಂದು ಆಮೇಲೆ ತಿಳಿಸಲಾಯಿತು. ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟ ಅರ್ಜಿಗಳಿಂದ ಮುಂದೆಯೂ ತೊಂದರೆ ತಪ್ಪಿದ್ದಲ್ಲ.

ಏನು ಮಾಡಬಹುದು?

ಬ್ರಿಟನ್ನಿನವರು ಇವತ್ತು ಅಪರೂಪದ ಹೆಸರುಗಳ ಜಾಡು ಹಿಡಿಯಲು ಸಾಧ್ಯವಾಗಿರುವುದು ಬಹುಮಟ್ಟಿಗೆ ಚರ್ಚಿನ ದಾಖಲೆಪುಸ್ತಕಗಳಿಂದ. 1538ರಲ್ಲಿ ಅಲ್ಲಿನ ಪ್ರತಿ ಧರ್ಮಕೇಂದ್ರವೂ ದೀಕ್ಷಾಸ್ನಾನ, ಮದುವೆ, ಮರಣಗಳನ್ನು ಬರೆದಿಡಬೇಕೆಂದು ಆಜ್ಞೆಯಾಯಿತು. ಕಥೋಲಿಕ ಧರ್ಮಸಭೆಯಲ್ಲಿ 1563ರಲ್ಲಿ ಟ್ರೆಂಟ್ ಮಹಾಸಭೆ ಮದುವೆಯ ದಾಖಲೆಯನ್ನು ಕಡ್ಡಾಯ ಮಾಡಿತು. ಮಗುವಿನ ಹೆಸರಿನ ಜೊತೆ ತಂದೆತಾಯಿ, ಜ್ಞಾನತಂದೆ ತಾಯಿ, ಹುಟ್ಟಿದ ದಿನ, ಸ್ಥಳ ಎಲ್ಲವನ್ನೂ ಬರೆಯಬೇಕೆಂದು ಈಗಿನ ಧರ್ಮಸಭೆಯ ಕಾನೂನಿನ 877ನೇ ವಿಧಿ ಹೇಳುತ್ತದೆ. ಬಡವ ಬಲ್ಲಿದ ಎನ್ನದೆ ಎಲ್ಲರ ಹೆಸರೂ ಒಂದೇ ಪುಸ್ತಕದಲ್ಲಿ, ಒಂದೇ ಶಾಯಿಯಲ್ಲಿ ಉಳಿಯುವುದು ಅಲ್ಲಿ ಮಾತ್ರ.

ಆದ್ದರಿಂದ ಪ್ರಿಯರೇ, ಮಗುವಿನ ದೀಕ್ಷಾಸ್ನಾನಕ್ಕೆ ಹೆಸರು ಬರೆಸಲು ಬರುವಾಗ ಇನಿಷಿಯಲ್ಲುಗಳನ್ನು ಬಿಡಿಸಿ ಪೂರ್ತಿ ಬರೆದು ತನ್ನಿ. ತಂದೆಯ ಪೂರ್ಣ ಹೆಸರು, ತಾಯಿಯ ಪೂರ್ಣ ಹೆಸರು, ಇಬ್ಬರ ಹಟ್ಟಿಯ ಇಲ್ಲವೇ ಊರಿನ ಹೆಸರು ಇರಲಿ. ತಾಯಿಯ ಹಟ್ಟಿಯನ್ನು ಬರೆಸಲು ವಿಶೇಷವಾಗಿ ನೆನಪಿಡಿ, ಮೊದಲು ಮರೆತುಹೋಗುವುದು ಅದೇ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಒಂದು ಸಂಜೆ ಅವರ ಬಳಿ ಕುಳಿತು ನಾಲ್ಕು ತಲೆಮಾರಿನ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಸಿಕೊಳ್ಳಿ. ಚಹಾ ತೋಟದ ಕೆಲಸಕ್ಕಾಗಿ ಬಂದವರು, ಶ್ರೀಲಂಕಾದಿಂದ ಮರಳಿದವರು, ಮಂಗಳೂರಿನಿಂದಲೋ ಮೈಸೂರಿನಿಂದಲೋ ಬಂದು ನೆಲೆಸಿದವರು ಎಲ್ಲರಿಗೂ ಈ ಮಾತು ಅನ್ವಯಿಸುತ್ತದೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಮಗುವಿನ ಎರಡನೇ ಹೆಸರು ಯಾವುದೆಂದು ಮನೆಯವರೆಲ್ಲ ಕೂತು ತೀರ್ಮಾನಿಸಿ, ಶಾಲೆಯ ದಾಖಲೆಯಲ್ಲೂ ಅದನ್ನೇ ಬರೆಸಿ.

ತುಮ್ಮನಟ್ಟಿ ಎಂಬ ಹೆಸರಿನ ಕೊನೆಯಲ್ಲಿರುವುದೂ ‘ಹಟ್ಟಿ’ಯೇ. ಅದು ದನಕರುಗಳಿದ್ದ, ಒಲೆ ಉರಿಯುತ್ತಿದ್ದ, ಜನ ಕೂಡಿ ಬಾಳುತ್ತಿದ್ದ ಜಾಗ. ಹೆಸರಿನ ಗತ್ತನ್ನು ಬಿಟ್ಟರೆ ನಷ್ಟವೇನಿಲ್ಲ. ಹಟ್ಟಿಯ ಗುರುತನ್ನು ಮಾತ್ರ ನಮ್ಮ ಮಕ್ಕಳಿಗೆ ಪೂರ್ತಿ ಅಕ್ಷರಗಳಲ್ಲಿ ಬರೆದು ಕೊಡೋಣ.