ಖಾಲಿ ಬಸ್ಸುಗಳ ಕರೆಂಟ್ ಬಿಲ್ಲು

ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡುವುದಾಗಿ ಗೂಗಲ್ 2025ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಬರಲಿರುವ ಡೇಟಾ ಸೆಂಟರ್ ಗಿಗಾವಾಟ್ ಪ್ರಮಾಣದ್ದು. ಅಂದರೆ ಪಕ್ಕದ ಸಿಂಹಾದ್ರಿ ಉಷ್ಣ ವಿದ್ಯುತ್ ಸ್ಥಾವರದ 2,000 ಮೆಗಾವಾಟ್ ಸಾಮರ್ಥ್ಯದ ಅರ್ಧದಷ್ಟು. ಜಮೀನು, ನೀರು, ರಿಯಾಯಿತಿಗಳ ಬಗ್ಗೆ ಸಾಕಷ್ಟು ಮಾತಾಯಿತು. ಕರ್ನಾಟಕದ ಮಂತ್ರಿಗಳೂ ದನಿ ಸೇರಿಸಿದರು. ಒಳಗಿನ ಯಂತ್ರಗಳು ಎಷ್ಟು ಹೊತ್ತು ನಿಜವಾಗಿ ದುಡಿಯುತ್ತವೆ ಎಂದು ಕೇಳಿದವರು ಕಡಿಮೆ.

ಗೂಗಲ್‌ಗೆ ಈ ಪ್ರಶ್ನೆ ಹೊಸದಲ್ಲ. ಅದರ ಎಂಜಿನಿಯರುಗಳಾದ ಲೂಯಿಜ್ ಬರೋಸೊ ಮತ್ತು ಉರ್ಸ್ ಹೋಲ್ಜ್ಲೆ 2007ರಲ್ಲೇ ಬರೆದಿದ್ದರು: ಸರ್ವರ್‌ಗಳು ಬಹುಪಾಲು ಸಮಯ ಸಾಮರ್ಥ್ಯದ ಶೇ. 10ರಿಂದ 50ರಷ್ಟೇ ದುಡಿಯುತ್ತವೆ, ಸುಮ್ಮನೆ ಕೂತಾಗಲೂ ಗರಿಷ್ಠ ವಿದ್ಯುತ್ತಿನ ಸುಮಾರು ಅರ್ಧ ಎಳೆಯುತ್ತವೆ.

ಒಬ್ಬೊಬ್ಬ ಪ್ರಯಾಣಿಕನಿಗೂ ಒಂದೊಂದು ಬಸ್ಸು ಬಿಟ್ಟರೆ ವಿಜಯವಾಡದ ಪಂಡಿತ್ ನೆಹರೂ ನಿಲ್ದಾಣದ ಗತಿ ಏನಾದೀತು? ಒಂದೊಂದು ಯೋಜನೆಗೆ ಒಂದೊಂದು ಸರ್ವರ್ ಕೊಳ್ಳುವ ಕಚೇರಿ, ಬ್ಯಾಂಕು, ಆಸ್ಪತ್ರೆಗಳು ಮಾಡುವುದು ಅದನ್ನೇ. ಒಂದೇ ಯಂತ್ರದೊಳಗೆ ತಂತ್ರಾಂಶದ ಗೋಡೆಗಳನ್ನೆಬ್ಬಿಸಿ ಹತ್ತು ಯಂತ್ರಗಳಂತೆ ದುಡಿಸುವ ವರ್ಚುವಲೈಸೇಷನ್ ಇದಕ್ಕೆ ಮದ್ದು. ಐಬಿಎಂ 1960ರ ದಶಕದಲ್ಲೇ ಮಾಡಿ ತೋರಿಸಿದ್ದು. 2007ರಿಂದ ಲಿನಕ್ಸ್‌ನೊಳಗೇ ಕೆವಿಎಂ ಹೆಸರಲ್ಲಿ ಪುಕ್ಕಟೆ ಸಿಗುತ್ತದೆ.

ಆದರೂ ಯಾಕೆ ಆಗುವುದಿಲ್ಲ? ಒಂದು ಕಾರಣ, ಅಂಕ ಕೊಡುವ ರೀತಿ. ಡೇಟಾ ಸೆಂಟರ್‌ಗಳನ್ನು ಅಳೆಯುವುದು ಪಿಯುಇಯಿಂದ: ಒಟ್ಟು ವಿದ್ಯುತ್ತನ್ನು ಕಂಪ್ಯೂಟರುಗಳು ತಿನ್ನುವ ವಿದ್ಯುತ್ತಿನಿಂದ ಭಾಗಿಸಬೇಕು, 1ಕ್ಕೆ ಹತ್ತಿರವಾದಷ್ಟೂ ಮೆಚ್ಚುಗೆ. ಲೆಕ್ಕ ಹಾಕಿ ನೋಡಿ. ನೂರು ಸರ್ವರ್‌ಗಳಿಗೆ 30 ಕಿಲೋವಾಟ್, ಎಸಿ ಇತ್ಯಾದಿಗೆ 15, ಪಿಯುಇ 1.5. ಅದೇ ಕೆಲಸವನ್ನು ಇಪ್ಪತ್ತು ಸರ್ವರ್‌ಗಳಿಗೆ ಇಳಿಸಿದಿರಿ ಎನ್ನೋಣ. ಈಗ ಅವಕ್ಕೆ 8, ಎಸಿಗೆ 6, ಪಿಯುಇ 1.75. ಬಿಲ್ಲು ಮೂರನೇ ಒಂದಕ್ಕಿಳಿಯಿತು, ಅಂಕ ಕೆಟ್ಟಿತು! ಖಾಲಿ ಯಂತ್ರ ತಿಂದದ್ದೂ ಈ ಲೆಕ್ಕದಲ್ಲಿ ಸಾರ್ಥಕ ಖರ್ಚೇ.

ಗೂಗಲ್ ತನ್ನ ಯಂತ್ರಗಳನ್ನು ತುಂಬಿಸಿಕೊಳ್ಳುತ್ತದೆ, ಅದು ಅದರ ವ್ಯಾಪಾರ. ಆದರೆ ಅದರ ಬೆನ್ನಲ್ಲೇ ಜಾಗ ಬಾಡಿಗೆಗೆ ಕೊಡುವ ಕೇಂದ್ರಗಳೂ ರಿಯಾಯಿತಿ ಕೇಳಿಕೊಂಡು ಬರುತ್ತವೆ. ಆಂಧ್ರ ಸರ್ಕಾರ ಅವುಗಳಿಂದ ಪಿಯುಇ ಜೊತೆಗೆ ಸರ್ವರ್‌ಗಳ ಸರಾಸರಿ ಬಳಕೆಯನ್ನೂ ಪ್ರತಿ ವರ್ಷ ಬಹಿರಂಗವಾಗಿ ಕೇಳಬೇಕು. ಅದಕ್ಕೂ ಮೊದಲು ತನ್ನ ಇಲಾಖೆಗಳ ಲೆಕ್ಕ ಕೊಡಬೇಕು.

ಹಾಗೆಂದು ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬುವುದೂ ಸಲ್ಲ. ಒಂದು ಯಂತ್ರ ಕೆಟ್ಟರೆ ಹತ್ತು ಸೇವೆ ನಿಲ್ಲುತ್ತವೆ. 2014ರ ಅಕ್ಟೋಬರ್‌ನಲ್ಲಿ ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಕತ್ತಲೆಗೆ ದೂಡಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಬುಡಮೇರು ಉಕ್ಕಿ ವಿಜಯವಾಡ ಮುಳುಗಿತ್ತು. ಉಳಿಸಿದ ವಿದ್ಯುತ್ತಿನಲ್ಲಿ ಒಂದು ಪಾಲನ್ನು ಇನ್ನೊಂದು ಊರಿನ ಮೀಸಲು ಯಂತ್ರಗಳಿಗೆ ಎತ್ತಿಡಲೇಬೇಕು.