ಗೃಹಚಿಂತನೆ: ಹಳೆಯ ಕಾರಿಗೆ ಹೊಸ ಬ್ರೇಕ್ ಡಿಸ್ಕು

ಮನೆಯಲ್ಲಿ ಹಿರಿಯರಂತೆ ಉಳಿದುಬಿಡುವ ಕೆಲವು ವಸ್ತುಗಳಿರುತ್ತವೆ. ಬೀಸುವ ಕಲ್ಲು, ಹಿತ್ತಾಳೆಯ ಕೊಡ, ಅಜ್ಜನ ಕಾಲದ ಗಡಿಯಾರ, ಇವುಗಳ ಸಾಲಿಗೆ ಈಗ ಮಾರುತಿ 800 ಕಾರೂ ಸೇರಿದೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತುಹೋಯಿತು. ಆದರೂ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎಷ್ಟೋ ಮನೆಗಳ ಅಂಗಳದಲ್ಲಿ ಅದನ್ನು ಇಂದಿಗೂ ಕಾಣಬಹುದು. ಆಳಂದದ ನಮ್ಮ ಮನೆಯಲ್ಲಿಯೂ 1998ರಲ್ಲಿ ಕೊಂಡ ಕಾರೊಂದಿದೆ. ಮಕ್ಕಳ ಮದುವೆಯ ಓಡಾಟವನ್ನೂ ಮೊಮ್ಮಕ್ಕಳ ಬಾಣಂತನವನ್ನೂ ಕಂಡ ಆ ಕಾರನ್ನು ಮಾರಲು ನಮಗೆ ಮನಸ್ಸು ಬಂದಿಲ್ಲ.

ಆದರೆ ಪ್ರೀತಿಯಿಂದ ಉಳಿಸಿಕೊಳ್ಳುವುದು ಬೇರೆ, ಜವಾಬ್ದಾರಿಯಿಂದ ಉಳಿಸಿಕೊಳ್ಳುವುದು ಬೇರೆ. ಈ ಭೇದವನ್ನು ನಾವು ಕಲಿತದ್ದು ಕಳೆದ ಕಬ್ಬಿನ ಹಂಗಾಮಿನಲ್ಲಿ. ಅಫಜಲಪುರದ ಬೀಗರ ಮನೆಯಿಂದ ಸಂಜೆ ಹೊರಟಿದ್ದೆವು. ಹಿಂದಿನ ಆಸನದಲ್ಲಿ ಇಬ್ಬರು ಮೊಮ್ಮಕ್ಕಳು ನಿದ್ರೆಹೋಗಿದ್ದರು. ಕತ್ತಲಾದ ಮೇಲೆ ಹಿಂಬದಿಯ ದೀಪವಿಲ್ಲದ ಕಬ್ಬಿನ ಟ್ರಾಲಿಯೊಂದು ಹಠಾತ್ತನೆ ಎದುರಿಗೆ ಕಂಡಿತು. ಬ್ರೇಕ್ ಒತ್ತಿದಾಗ ಪೆಡಲು ಕಾಲಿನಡಿ ನಡುಗಿತು, ಕಾರು ಒಂದು ಬದಿಗೆ ಎಳೆಯಿತು. ಟ್ರಾಲಿಗೆ ಮೊಳದಷ್ಟು ದೂರದಲ್ಲಿ ನಿಂತೆವು. ಮಕ್ಕಳು ಎಚ್ಚರಗೊಳ್ಳಲಿಲ್ಲ; ನಮಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ.

ಮರುದಿನ ನಮ್ಮೂರಿನ ಹಿರಿಯ ಮಿಸ್ತ್ರಿ ಮುಂದಿನ ಎರಡೂ ಗಾಲಿಗಳನ್ನು ಬಿಚ್ಚಿದರು. ಈ ಕಾರಿಗೆ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಬ್ರೇಕ್ ಹಾಕಿದಾಗ ಭಾರವು ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಶ್ರಮ ಮುಂದಿನ ಡಿಸ್ಕುಗಳದ್ದೇ. ಅವರು ಮೊದಲು ಕ್ಯಾಲಿಪರ್ ಸಿಕ್ಕಿಕೊಂಡಿದೆಯೇ ಎಂದು ಪರೀಕ್ಷಿಸಿದರು. ಅದು ಸರಿಯಾಗಿತ್ತು. ಅನಂತರ ಡಿಸ್ಕುಗಳ ದಪ್ಪವನ್ನು ಮೈಕ್ರೋಮೀಟರಿನಿಂದ ಸುತ್ತಲೂ ಎಂಟು ಕಡೆ ಅಳೆದರು. ಸವೆದ ಡಿಸ್ಕಿನ ಹೊರ ಅಂಚು ಏಣಿನಂತೆ ಉಳಿದಿರುತ್ತದೆ. ಅದರ ಮೇಲಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಎಡಗಡೆಯ ಡಿಸ್ಕು ಮಿತಿಗಿಂತ ತೆಳುವಾಗಿತ್ತು, ದಪ್ಪವೂ ಒಂದೇ ಸಮನಾಗಿರಲಿಲ್ಲ. ಬಲಗಡೆಯದು ಬೇರೆ ತಯಾರಿಕೆಯದು. ಆಗ ನೆನಪಾಯಿತು: ಕೆಲವು ವರ್ಷಗಳ ಹಿಂದೆ ಖರ್ಚು ಉಳಿಸಲೆಂದು ನಾವೇ ಒಂದು ಬದಿಯದನ್ನು ಮಾತ್ರ ಬದಲಿಸಿದ್ದೆವು. ತಪ್ಪು ಟ್ರಾಲಿಯವನದಷ್ಟೇ ಅಲ್ಲ, ನಮ್ಮದೂ ಆಗಿತ್ತು. ಮಿಸ್ತ್ರಿ ನಕ್ಕು, “ಅಪ್ಪಾರ, ಗಾಡಿ ಓಡಸ್ಲಾಕ ಒಂದ ಎಂಜಿನ್ ಸಾಕು. ನಿಂದ್ರಸ್ಲಾಕ ನಾಕೂ ಗಾಲಿ ಒಂದ ಮಾತ ಕೇಳಬೇಕ್ರಿ” ಎಂದರು.

ಹೊಸ ಡಿಸ್ಕು ಯಾವುದನ್ನು ತರಬೇಕೆಂಬ ಚರ್ಚೆ ಮನೆಯಲ್ಲಿ ನಡೆಯಿತು. ಜೇವರ್ಗಿಯಿಂದ ಬಂದಿದ್ದ ತಂಗಿಯ ಮಗ, “ಮಾಮಾ, ಈಗ ತೂತಿನ ಡಿಸ್ಕ್ ಬಂದಾವ, ಕಾವು ಬ್ಯಾಗ ಆರ್ತದ” ಎಂದನು. ಅವನ ಮಾತನ್ನು ತಳ್ಳಿಹಾಕದೆ ವಿಚಾರಿಸಿದೆವು. ಬ್ರೇಕಿನ ಕೆಲಸವೆಂದರೆ ವೇಗವನ್ನು ಶಾಖವಾಗಿ ಮಾರ್ಪಡಿಸುವುದು. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಂಸಾರವನ್ನು ಹೊತ್ತು ಓಡುವ ಈ ಕಾರನ್ನು ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಶಾಖವು ಸುಮಾರು ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಈ ಶಾಖವನ್ನು ಮೊದಲು ನುಂಗಿಕೊಳ್ಳುವುದು ಡಿಸ್ಕಿನ ಲೋಹ. ತೂತು ಕೊರೆದರೆ ಲೋಹ ಕಡಿಮೆಯಾಗುತ್ತದೆ, ತೂತಿನ ಅಂಚಿನಿಂದ ಬಿರುಕು ಹುಟ್ಟುವ ಭಯವಿದೆ, ನಮ್ಮ ಎರೆಭೂಮಿಯ ಧೂಳು ಅದರೊಳಗೆ ಕೂಡುತ್ತದೆ. ಗೀರು ತೆಗೆದ ಡಿಸ್ಕು ಪ್ಯಾಡನ್ನು ಬೇಗ ಸವೆಸುತ್ತದೆ. ಒಳಗೆ ಗಾಳಿಯಾಡುವ ದಪ್ಪ ಡಿಸ್ಕು ಈ ಕಾರಿನ ಕ್ಯಾಲಿಪರಿನಲ್ಲಿ ಕೂಡುವುದಿಲ್ಲ. 12 ಅಂಗುಲದ ಗಾಲಿಯೊಳಗೆ ದೊಡ್ಡದಕ್ಕೆ ಸ್ಥಳವೂ ಇಲ್ಲ. ಸುಮಾರು 650 ಕಿಲೋ ತೂಕದ ಕಾರಿಗೆ ಬೂದು ಎರಕದ ಕಬ್ಬಿಣದ ಸಾದಾ ಡಿಸ್ಕೇ ಸಾಕು, ಅದೇ ಯೋಗ್ಯ.

ಧೂಳಿಗೂ ಈ ಬ್ರೇಕಿಗೂ ಹಳೆಯ ವೈರ. ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರ್ 1902ರಲ್ಲಿಯೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ, ಅಂದಿನ ಧೂಳಿನ ರಸ್ತೆಗಳಲ್ಲಿ ಅದರ ತಾಮ್ರದ ಪ್ಯಾಡುಗಳು ಬೇಗ ಸವೆದುಹೋಗುತ್ತಿದ್ದವು. 1953ರಲ್ಲಿ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಬಲದಿಂದ ಗೆದ್ದ ಮೇಲೆಯೇ ಲೋಕ ಅದನ್ನು ನಂಬಿತು.

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟು. ಡಿಸ್ಕನ್ನು ಹೊಳಪು ನೋಡಿ ಕೊಳ್ಳಬಾರದು. ಹಳೆಯದನ್ನು ಜೊತೆಗೊಯ್ದು ಅಳತೆ, ಎತ್ತರ, ತೂತುಗಳ ಸ್ಥಾನ ಹೋಲಿಸಬೇಕು. ಇರಬೇಕಾದ ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೆಯೋ ಕಾರಿನ ದುರಸ್ತಿ ಕೈಪಿಡಿಯಲ್ಲಿಯೋ ನೋಡಿಕೊಳ್ಳಬೇಕು. ನಕಲಿ ಮಾಲು ಹೇರಳವಾಗಿರುವುದರಿಂದ ರಸೀದಿ ಕೊಡುವ ಅಂಗಡಿಯಲ್ಲಿಯೇ ಕೊಳ್ಳಬೇಕು. ಎರಡೂ ಬದಿಗೆ ಒಂದೇ ತಯಾರಿಕೆಯ ಜೋಡಿ ಹಾಕಿಸಬೇಕು, ಪ್ಯಾಡೂ ಹೊಸದಾಗಿರಬೇಕು. ಕೂರಿಸುವ ಮುನ್ನ ಹಬ್ಬಿನ ತುಕ್ಕನ್ನು ಉಜ್ಜಿ ತೆಗೆಯಬೇಕು. ಅಲ್ಲಿ ಕಸವಿದ್ದರೆ ಹೊಸ ಡಿಸ್ಕೂ ಓಲಾಡುತ್ತದೆ. ಹೊಸ ಡಿಸ್ಕಿನ ಮೇಲಿನ ಎಣ್ಣೆಯನ್ನು ತೊಳೆಯಬೇಕು. ಹಳೆಯ ಪ್ಯಾಡಿನಲ್ಲಿ ಆಸ್‌ಬೆಸ್ಟಾಸ್ ಇರಬಹುದಾದ್ದರಿಂದ ಆ ಪುಡಿಯನ್ನು ಗಾಳಿಯಿಂದ ಊದಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ಬ್ರೇಕ್ ಎಣ್ಣೆಯು ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಮೊದಲ 200 ಕಿಲೋಮೀಟರ್ ಮೆಲ್ಲನೆ ಬ್ರೇಕ್ ಹಾಕುತ್ತ, ಡಿಸ್ಕು ಪ್ಯಾಡುಗಳು ಒಂದಕ್ಕೊಂದು ಹೊಂದಿಕೊಳ್ಳಲು ಬಿಡಬೇಕು. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ನಂತರ ತಪಾಸಣೆಗೆ ಒಳಪಡಿಸಿ ನವೀಕರಿಸಬೇಕೆಂಬುದು ನಿಯಮ. ಆದರೆ ತಪಾಸಣೆಯ ದಿನಕ್ಕಾಗಿ ಕಾಯುವುದು ಜಾಣತನವಲ್ಲ.

ಜಾತ್ರೆಯ ದಿನ ತೇರಿನ ಹಗ್ಗ ಹಿಡಿಯಲು ನೂರಾರು ಜನ ಮುಂದಾಗುತ್ತಾರೆ. ಗಾಲಿಯ ಪಕ್ಕದಲ್ಲಿ ಮರದ ಬೆಣೆ ಹಿಡಿದು ನಡೆಯುವವರು ನಾಲ್ಕೈದು ಮಂದಿ. ಅವರತ್ತ ಯಾರೂ ನೋಡುವುದಿಲ್ಲ. ಆದರೆ ಜನಸಾಗರದ ನಡುವೆ ತೇರು ಸುರಕ್ಷಿತವಾಗಿ ನಿಲ್ಲುವುದು ಅವರಿಂದಲೇ. ಮನೆಯ ಕಾರಿನ ಡಿಸ್ಕುಗಳೂ ಹಾಗೆಯೇ.

ಕಳೆದ ವಾರ ತಂಗಿಯ ಮನೆಗೆಂದು ಜೇವರ್ಗಿಗೆ ಹೊರಟಾಗ, ಕಟ್ಟಿಸಂಗಾವಿಯ ಭೀಮಾ ಸೇತುವೆಯ ಬಳಿ ಕುರಿಹಿಂಡೊಂದು ರಸ್ತೆಗಿಳಿಯಿತು. ಕಾರು ನೇರವಾಗಿ, ನಡುಗದೆ ನಿಂತಿತು. ಹಿಂದಿನ ಆಸನದಲ್ಲಿದ್ದ ಮೊಮ್ಮಗಳು ಕುರಿಗಳನ್ನು ಎಣಿಸತೊಡಗಿದಳು. ಅವಳ ಎಣಿಕೆ ಮುಗಿಯುವವರೆಗೆ ನಾವು ಅಲ್ಲಿಯೇ ಕಾದಿದ್ದೆವು.