ಒಡೆದ ಕೊಳವೆಗೆ ಪರಿಹಾರ, ಸೋರುವ ಕೊಳವೆಗೆ?

ಸ್ವರ್ಣಾ ನದಿಯ ದಡದಲ್ಲಿರುವ ಕೆಮ್ಮಣ್ಣಿನ ತೂಗುಸೇತುವೆಯನ್ನು ನೋಡಲು ಬರುವವರಿಗೆ ತೆಂಗಿನ ತೋಟಗಳ ನಡುವಿನ ಅಂದದ ಮನೆಗಳೂ ಕಾಣಸಿಗುತ್ತವೆ. ಕರಾವಳಿಯ ಇಂಥ ಊರುಗಳಲ್ಲಿ ಮುಂಬೈಯಲ್ಲೋ ಗಲ್ಫ್ ದೇಶಗಳಲ್ಲೋ ದುಡಿಯುವವರು ಕಟ್ಟಿಸಿದ ಮನೆಗಳು ಅನೇಕ. ಅವುಗಳಲ್ಲಿ ಹಲವಕ್ಕೆ ತಿಂಗಳುಗಟ್ಟಲೆ ಬೀಗ. ಉಪ್ಪುಗಾಳಿ ಹಾಗೂ ಉಪ್ಪಿನಂಶದ ಬಾವಿನೀರು ಕಬ್ಬಿಣದ ಕೊಳವೆಗಳನ್ನು ಸದ್ದಿಲ್ಲದೆ ತಿನ್ನುತ್ತವೆ. ಬೀಗ ಹಾಕಿದ ಮನೆಯಲ್ಲಿ ಕೊಳವೆ ಬಿರಿದರೆ ಯಜಮಾನನಿಗೆ ತಿಳಿಯುವುದು ರಜೆಗೆ ಬಂದು ಬಾಗಿಲು ತೆರೆದಾಗ: ಉಬ್ಬಿದ ಕಪಾಟು, ಬೂಸ್ಟು ಹಿಡಿದ ಗೋಡೆ, ಕೆಟ್ಟುಹೋದ ವಿದ್ಯುತ್ ಜೋಡಣೆ.

'ವಿಮೆ ಇದೆಯಲ್ಲ' ಎಂಬ ಸಮಾಧಾನ ಪರೀಕ್ಷೆಗೊಳಗಾಗುವುದು ಆಗಲೇ.

ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಪ್ರಮಾಣಿತ ಪಾಲಿಸಿಯನ್ನು ಜಾರಿಗೆ ತಂದಿತು. ಬೆಂಕಿ, ಸಿಡಿಲು, ಚಂಡಮಾರುತ, ನೆರೆಗಳ ಜೊತೆಗೆ ನೀರಿನ ಟ್ಯಾಂಕ್ ಮತ್ತು ಕೊಳವೆಗಳು ಒಡೆಯುವುದು ಅಥವಾ ಉಕ್ಕಿ ಹರಿಯುವುದೂ ಅದರ ಆಪತ್ತುಗಳ ಪಟ್ಟಿಯಲ್ಲಿದೆ. ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಗ್ರಿಗೂ ರಕ್ಷಣೆ ತಾನಾಗಿಯೇ ದೊರೆಯುತ್ತದೆ. ಇದು ನಿಜಕ್ಕೂ ಸ್ವಾಗತಾರ್ಹ ಕ್ರಮ.

ಆದರೆ ಪಟ್ಟಿಯಲ್ಲಿ ಹೆಸರಿಸಿದ ಆಪತ್ತಿಗೆ ಮಾತ್ರ ಪರಿಹಾರ. ಹಠಾತ್ತನೆ ಒಡೆಯುವುದು ಅಲ್ಲಿದೆ. ವರ್ಷಗಟ್ಟಲೆ ಜಿನುಗುವುದು ಅಲ್ಲಿಲ್ಲ. ಮನೆಯ ದುರಸ್ತಿ ಯಜಮಾನನ ಹೊಣೆ, ಅದನ್ನು ವಿಮೆಯ ತಲೆಗೆ ಕಟ್ಟಲಾಗದು ಎಂಬ ಕಂಪನಿಗಳ ವಾದದಲ್ಲಿ ನ್ಯಾಯವಿದೆ. ಹಾಗೆ ಮಾಡಿದರೆ ಎಲ್ಲರ ಕಂತೂ ಏರೀತು. ಪ್ರಶ್ನೆಯಿರುವುದು ನಡುವಿನ ಗೆರೆಯಲ್ಲಿ. ಆರು ತಿಂಗಳು ಜಿನುಗಿ ಒಂದು ದಿನ ಬಿರಿದ ಕೊಳವೆ ಯಾವ ಲೆಕ್ಕಕ್ಕೆ ಸೇರಬೇಕು? ತೀರ್ಪು ಬಹುಮಟ್ಟಿಗೆ ಸರ್ವೇಯರರ ವರದಿಯನ್ನು ಅವಲಂಬಿಸುತ್ತದೆ. ಬೀಗ ಹಾಕಿದ ಮನೆಗೆ ಸಾಕ್ಷಿ ಹೇಳುವವರಾದರೂ ಯಾರು?

ಇನ್ನೊಂದು ತೊಡಕೂ ಇದೆ. ಹಿಂದಿನ ಪ್ರಮಾಣಿತ ಅಗ್ನಿ ವಿಮೆಯಲ್ಲಿ, ಕಂಪನಿಯ ಒಪ್ಪಿಗೆಯಿಲ್ಲದೆ 30 ದಿನಕ್ಕಿಂತ ಹೆಚ್ಚು ಕಾಲ ಖಾಲಿ ಬಿಟ್ಟ ಕಟ್ಟಡಕ್ಕೆ ರಕ್ಷಣೆ ನಿಲ್ಲುತ್ತಿತ್ತು. ಆದ್ದರಿಂದ ಇಂದು ಯಾವುದೇ ಪಾಲಿಸಿ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಇದನ್ನೇ. ಗೃಹಸಾಲದ ಕಾಗದಗಳ ಕಂತೆಯ ನಡುವೆ ಸಹಿ ಹಾಕುವ ಎಷ್ಟು ಮಂದಿ ಅದನ್ನು ಕೇಳುತ್ತಾರೆ? ಇಂಗ್ಲಿಷಿನ ಷರತ್ತುಗಳನ್ನು ಓದಿ ಹೇಳುವವರೆಷ್ಟು ಮಂದಿ?

ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಯಾವುದಕ್ಕೆ ಪರಿಹಾರವುಂಟು, ಯಾವುದಕ್ಕಿಲ್ಲ, ಮನೆ ಖಾಲಿಯಿದ್ದರೆ ಏನು ಎಂಬುದನ್ನು ಒಂದೇ ಪುಟದಲ್ಲಿ, ಕನ್ನಡದಲ್ಲಿ, ಹಣ ಪಡೆಯುವ ಮುನ್ನವೇ ಕೊಡುವುದು ಕಂಪನಿಯ ಕರ್ತವ್ಯವಾಗಬೇಕು. ಮನೆಯವರೂ ಊರು ಬಿಡುವ ಮುನ್ನ ಟ್ಯಾಂಕಿನ ವಾಲ್ವ್ ಮುಚ್ಚಿ, ಪಂಪಿನ ಸ್ವಿಚ್ ಆರಿಸಿ, ಮನೆ ಖಾಲಿಯಿರುವುದನ್ನು ಕಂಪನಿಗೆ ಲಿಖಿತವಾಗಿ ತಿಳಿಸಲಿ. ಪ್ಲಂಬರನ ರಸೀದಿಯನ್ನು ಕಾದಿರಿಸಲಿ. ಒಡೆದ ತುಂಡನ್ನು ಎಸೆಯದಿರಲಿ. ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ಜೀವಮಾನದ ದುಡಿಮೆಯಿಂದ ಕಟ್ಟಿದ ಮನೆಯ ರಕ್ಷಣೆಯ ಮಿತಿ ಎಲ್ಲಿಯವರೆಗೆ ಎಂಬುದು ನಷ್ಟವಾದ ಮೇಲೆ ತಿಳಿಯುವ ಸಂಗತಿಯಾಗಬಾರದು.